ಚೀನೀ ಪಂಚಾಂಗದ ಅಧಿಕ ಮಾಸವನ್ನು ನಾವೇ ಲೆಕ್ಕ ಹಾಕುವುದು ಹೇಗೆ?

ಚೀನಾದ ಸಾಂಪ್ರದಾಯಿಕ ಪಂಚಾಂಗವೂ ನಮ್ಮ ಚಾಂದ್ರಮಾನದ ಹಾಗೆ ಚಂದ್ರನ ತಿಂಗಳು, ಸೂರ್ಯನ ವರ್ಷ ಎರಡನ್ನೂ ಜೊತೆಯಾಗಿ ನಡೆಸುತ್ತದೆ. ಹನ್ನೆರಡು ಚಾಂದ್ರ ತಿಂಗಳಿಗೆ ಸುಮಾರು 354.37 ದಿನ, ಸೂರ್ಯನ ವರ್ಷಕ್ಕೆ 365.24 ದಿನ. ವರ್ಷಕ್ಕೆ ಹತ್ತು ಮುಕ್ಕಾಲು ದಿನಕ್ಕಿಂತ ಸ್ವಲ್ಪ ಹೆಚ್ಚು ಬಾಕಿ ಉಳಿಯುತ್ತದೆ. ಬಾಕಿ ಒಂದು ತಿಂಗಳಷ್ಟು ಬೆಳೆದಾಗ ಒಂದು ತಿಂಗಳನ್ನು ಹೆಚ್ಚಾಗಿ ಸೇರಿಸುತ್ತಾರೆ. ಅದನ್ನು ಅಲ್ಲಿ ರುನ್‌ಯ್ವೆ ಎನ್ನುತ್ತಾರೆ.

'19 ವರ್ಷಕ್ಕೆ 7 ಅಧಿಕ ಮಾಸ' ಎನ್ನುವ ಸೂತ್ರ ಎಲ್ಲ ಕಡೆ ಸಿಗುತ್ತದೆ. ಸುಳ್ಳಲ್ಲ: 19 ಸೌರವರ್ಷಕ್ಕೂ 235 ಚಾಂದ್ರ ತಿಂಗಳಿಗೂ ಇರುವ ಅಂತರ ಸುಮಾರು ಎರಡು ಗಂಟೆ ಮಾತ್ರ. ಆದರೆ ಈ ಸೂತ್ರ ಹಿಡಿದು ಹೊರಟರೆ ಯಾವ ತಿಂಗಳು ಅಧಿಕ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. 2001ರಲ್ಲಿ ಅಧಿಕ 4 (ಅಂದರೆ 4ನೇ ತಿಂಗಳ ನಂತರ ಬರುವ ಅಧಿಕ ಮಾಸ), 19 ವರ್ಷದ ನಂತರ 2020ರಲ್ಲೂ ಅಧಿಕ 4. 2004ರಲ್ಲೂ 2023ರಲ್ಲೂ ಅಧಿಕ 2. ಇಲ್ಲಿಯವರೆಗೆ ಸರಿ. ಆದರೆ 2006ರಲ್ಲಿ ಬಂದದ್ದು ಅಧಿಕ 7, 2025ರಲ್ಲಿ ಅಧಿಕ 6. 2014ರಲ್ಲಿ ಅಧಿಕ 9 ಇತ್ತು, 2033ರಲ್ಲಿ ಬರುವುದು ಅಧಿಕ 11. ಚೀನೀ ಪಂಚಾಂಗದಲ್ಲಿ ಅಧಿಕ ಮಾಸಕ್ಕೆ ಚಕ್ರದ ಪಟ್ಟಿ ಎಂಬುದಿಲ್ಲ. ಆಯಾ ವರ್ಷದ ಅಮಾವಾಸ್ಯೆ ಮತ್ತು ಸಂಕ್ರಮಣಗಳ ನಿಜವಾದ ದಿನಾಂಕಗಳೇ ಅದನ್ನು ತೀರ್ಮಾನಿಸುತ್ತವೆ.

ಬೇಕಾಗುವುದು ಏನೇನು?

ಎರಡು ಪಟ್ಟಿ ಸಾಕು. ಒಂದು, ಅಮಾವಾಸ್ಯೆಯ ಯುತಿ ಕ್ಷಣಗಳದ್ದು, ಅಂದರೆ ಸೂರ್ಯ ಚಂದ್ರರ ರೇಖಾಂಶ ಒಂದೇ ಆಗುವ ಹೊತ್ತು. ದೃಗ್ಗಣಿತದ, ಅಂದರೆ ಆಕಾಶದಲ್ಲಿ ಕಾಣುವುದಕ್ಕೆ ಹೊಂದುವಂತೆ ಲೆಕ್ಕ ಹಾಕಿದ ಪಂಚಾಂಗ ಮನೆಯಲ್ಲಿದ್ದರೆ ಈ ಪಟ್ಟಿ ಈಗಾಗಲೇ ನಿಮ್ಮ ಕೈಯಲ್ಲಿದೆ. ಅಮಾವಾಸ್ಯೆ ತಿಥಿ ಮುಗಿಯುವ ಹೊತ್ತೇ ಯುತಿಯ ಹೊತ್ತು. ಕೋಲ್ಕತ್ತದ ಪೊಸಿಷನಲ್ ಆಸ್ಟ್ರಾನಮಿ ಸೆಂಟರ್ ಹೊರತರುವ ರಾಷ್ಟ್ರೀಯ ಪಂಚಾಂಗವೂ ಆದೀತು. ಹಳೆಯ ಸಿದ್ಧಾಂತದ ಅಥವಾ ವಾಕ್ಯ ಪದ್ಧತಿಯ ಪಂಚಾಂಗ ಮಾತ್ರ ಬೇಡ. ಅದರ ತಿಥಿ ಅಂತ್ಯ ಕೆಲವೊಮ್ಮೆ ಗಂಟೆಗಟ್ಟಲೆ ಆಚೀಚೆ ಇರುತ್ತದೆ, ಇಲ್ಲಿ ಒಂದು ಗಂಟೆಯ ವ್ಯತ್ಯಾಸಕ್ಕೂ ತಿಂಗಳು ಅದಲುಬದಲಾಗಬಹುದು.

ಇನ್ನೊಂದು, ಸಾಯನ ಸಂಕ್ರಮಣಗಳ ಪಟ್ಟಿ. ಸಾಯನ ಎಂದರೆ ವಸಂತ ವಿಷುವದ ಬಿಂದುವಿನಿಂದ ಅಳೆದದ್ದು. ಸೂರ್ಯನ ಸಾಯನ ರೇಖಾಂಶ 0, 30, 60 ಡಿಗ್ರಿ ಹೀಗೆ ಮೂವತ್ತರ ಗುಣಕವನ್ನು ಮುಟ್ಟುವ ಹನ್ನೆರಡು ಕ್ಷಣಗಳಿಗೆ ಚೀನೀಯರು ಜೊಂಗ್‌ಚಿ ಎನ್ನುತ್ತಾರೆ. ವರ್ಷದ 24 ಸೌರ ಘಟ್ಟಗಳಲ್ಲಿ ಇವು ಅರ್ಧ. ನಡುವೆ 15 ಡಿಗ್ರಿಯಲ್ಲಿ ಬರುವ ಉಳಿದ ಹನ್ನೆರಡಕ್ಕೆ ಅಧಿಕ ಮಾಸದ ಲೆಕ್ಕದಲ್ಲಿ ಕೆಲಸವಿಲ್ಲ. ನಮ್ಮ ಪಂಚಾಂಗದ ಸಂಕ್ರಾಂತಿಗಳನ್ನು ಇಲ್ಲಿ ಬಳಸಬೇಡಿ, ಅವು ನಿರಯನ, ಅಂದರೆ ನಕ್ಷತ್ರಗಳನ್ನು ಆಧಾರವಾಗಿಟ್ಟು ಅಳೆದವು. ನಮ್ಮ ಮಕರ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಬಂದರೆ, ಚೀನೀಯರ ಲೆಕ್ಕಕ್ಕೆ ಬೇಕಾದ 270 ಡಿಗ್ರಿಯ ದಿನ ಡಿಸೆಂಬರ್ 21 ಅಥವಾ 22. ಈ ದಿನದ ಹೆಸರು ದೊಂಗ್‌ಜಿ. ಇಡೀ ಪಂಚಾಂಗವನ್ನು ಕಟ್ಟಿಹಾಕಿರುವ ಗೂಟ ಇದೇ.

ಹೊತ್ತುಗಳನ್ನೆಲ್ಲ ಬೀಜಿಂಗ್ ಸಮಯಕ್ಕೆ ತನ್ನಿ. ಭಾರತೀಯ ಸಮಯಕ್ಕೆ 2 ಗಂಟೆ 30 ನಿಮಿಷ ಕೂಡಿಸಿದರಾಯಿತು. ಗ್ರೀನಿಚ್ ಸಮಯದಲ್ಲಿದ್ದರೆ 8 ಗಂಟೆ ಕೂಡಿಸಿ. ಅಲ್ಲಿ ದಿನ ಶುರುವಾಗುವುದು ನಡುರಾತ್ರಿಗೆ, ಸೂರ್ಯೋದಯಕ್ಕಲ್ಲ. ಹಾಗಾಗಿ ನಮ್ಮಲ್ಲಿ ರಾತ್ರಿ ಒಂಬತ್ತೂವರೆಯ ನಂತರ ಅಮಾವಾಸ್ಯೆ ಮುಗಿದರೆ ಅಲ್ಲಿ ಆಗಲೇ ಮರುದಿನದ ತಾರೀಖು.

ಹೆಜ್ಜೆ 1: ತಿಂಗಳುಗಳ ಮೊದಲ ದಿನ ಬರೆದುಕೊಳ್ಳಿ

ಯುತಿ ಯಾವ ತಾರೀಖಿನೊಳಗೆ ಬೀಳುತ್ತದೋ ಆ ತಾರೀಖೇ ತಿಂಗಳ ಮೊದಲ ದಿನ. ಯುತಿ ಬೆಳಗಿನ ಜಾವಕ್ಕಿರಲಿ, ರಾತ್ರಿ 11:50ಕ್ಕಿರಲಿ, ಇಡೀ ದಿನ ಹೊಸ ತಿಂಗಳಿಗೆ ಸೇರುತ್ತದೆ. ಇದರಿಂದ ಚೀನೀ ತಿಂಗಳ ಮೊದಲ ದಿನ ಸಾಮಾನ್ಯವಾಗಿ ನಮ್ಮ ಅಮಾವಾಸ್ಯೆಯಂದೇ ಬರುತ್ತದೆ. 2025ರ ಜನವರಿ 29, ಅವರ ಹೊಸ ವರ್ಷದ ದಿನ, ನಮ್ಮಲ್ಲಿ ಪುಷ್ಯ ಬಹುಳ ಅಮಾವಾಸ್ಯೆ. ಅಂದು ಸಂಜೆ 6:06ಕ್ಕೆ ಅಮಾವಾಸ್ಯೆ ಮುಗಿಯಿತು, ಅಂದರೆ ಬೀಜಿಂಗ್‌ನಲ್ಲಿ ರಾತ್ರಿ 8:36.

ತಿಂಗಳಿಗೆ 29 ದಿನ ಅಥವಾ 30 ದಿನ. ಒಂದಾದ ಮೇಲೊಂದರಂತೆ ಬರಬೇಕೆಂಬ ನಿಯಮವಿಲ್ಲ. ಸಾಲಾಗಿ ಮೂರು ತಿಂಗಳು 30 ದಿನದವು ಬಂದರೆ ನಿಮ್ಮ ಲೆಕ್ಕ ತಪ್ಪಿದೆ ಎಂದುಕೊಳ್ಳಬೇಡಿ.

ಹೆಜ್ಜೆ 2: 11ನೇ ತಿಂಗಳನ್ನು ಗುರುತಿಸಿ

ಲೆಕ್ಕ ಶುರುವಾಗುವುದು 1ನೇ ತಿಂಗಳಿಂದಲ್ಲ. ದೊಂಗ್‌ಜಿ ದಿನ ಯಾವ ತಿಂಗಳೊಳಗೆ ಬರುತ್ತದೋ ಅದು 11ನೇ ತಿಂಗಳು. ಇದಕ್ಕೆ ಅಪವಾದವೇ ಇಲ್ಲ. ಈ ವರ್ಷದ 11ನೇ ತಿಂಗಳು, ಮುಂದಿನ ವರ್ಷದ 11ನೇ ತಿಂಗಳು ಎರಡನ್ನೂ ಗುರುತು ಹಾಕಿ. ಇವೆರಡರ ನಡುವಿನ ಅವಧಿಯ ಹೆಸರು ಸ್ವೇ. ಜನ ಹಬ್ಬ ಮಾಡುವ ವರ್ಷವೇ ಬೇರೆ, ಗಣಿತದ ಈ ವರ್ಷವೇ ಬೇರೆ.

ಹೆಜ್ಜೆ 3: ತಿಂಗಳು ಎಣಿಸಿ

ಮೊದಲ 11ನೇ ತಿಂಗಳನ್ನು ಸೇರಿಸಿ, ಕೊನೆಯ 11ನೇ ತಿಂಗಳನ್ನು ಬಿಟ್ಟು ಎಣಿಸಿ. 12 ಬಂದರೆ ಆ ಸ್ವೇಯಲ್ಲಿ ಅಧಿಕ ಮಾಸ ಇಲ್ಲ, ಕೆಲಸ ಅಲ್ಲಿಗೇ ಮುಗಿಯಿತು. 13 ಬಂದರೆ ಮಾತ್ರ ಮುಂದಿನ ಹೆಜ್ಜೆ. ಈ ಎಣಿಕೆಯನ್ನು ಹಾರಿಸಿ ನೇರವಾಗಿ ಜೊಂಗ್‌ಚಿ ಇಲ್ಲದ ತಿಂಗಳನ್ನು ಹುಡುಕುವವರೇ ಹೆಚ್ಚು. ಹೆಚ್ಚಿನ ವರ್ಷಗಳಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ, ಆದ್ದರಿಂದಲೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. 2033ಕ್ಕೆ ಬಂದಾಗ ನೋಡೋಣ.

ಅವಸರದ ಪರೀಕ್ಷೆಯೊಂದು ಇದೆ. ದೊಂಗ್‌ಜಿ ಆದ ಮೇಲೆ ಮುಂದಿನ ತಿಂಗಳು ಎಷ್ಟು ದಿನಕ್ಕೆ ಶುರುವಾಗುತ್ತದೆ ನೋಡಿ. ಹತ್ತು ದಿನದೊಳಗಿದ್ದರೆ ಆ ಸ್ವೇಯಲ್ಲಿ ಅಧಿಕ ಮಾಸ ಇರುತ್ತದೆ, ಹನ್ನೆರಡು ದಾಟಿದರೆ ಇರುವುದಿಲ್ಲ. 11 ಅಥವಾ 12 ಬಂದರೆ ಈ ಪರೀಕ್ಷೆಯನ್ನು ನಂಬದೆ ಪೂರ್ತಿ ಎಣಿಸಿ.

ಹೆಜ್ಜೆ 4: ಜೊಂಗ್‌ಚಿ ಇಲ್ಲದ ಮೊದಲ ತಿಂಗಳು ಹುಡುಕಿ

13 ತಿಂಗಳಿಗೆ 12 ಜೊಂಗ್‌ಚಿ. ಕನಿಷ್ಠ ಒಂದು ತಿಂಗಳಾದರೂ ಬರಿಗೈಯಲ್ಲಿ ಉಳಿಯಲೇಬೇಕು. 11ನೇ ತಿಂಗಳಿಂದ ಹೊರಟು ಮೊದಲು ಸಿಗುವ ಜೊಂಗ್‌ಚಿ ಇಲ್ಲದ ತಿಂಗಳೇ ಅಧಿಕ. ಅದಕ್ಕೆ ಹಿಂದಿನ ತಿಂಗಳ ಸಂಖ್ಯೆಯೇ ಸಿಗುತ್ತದೆ: 6ರ ನಂತರ ಬಂದರೆ ಅಧಿಕ 6. ಅದರ ಮುಂದಿನದು 7. ಅದೇ ಸ್ವೇಯಲ್ಲಿ ಇನ್ನೊಂದು ಅಂಥ ತಿಂಗಳು ಸಿಕ್ಕರೆ ಅದಕ್ಕೆ ಸಾಮಾನ್ಯ ಸಂಖ್ಯೆಯನ್ನೇ ಕೊಟ್ಟು ಮುಂದೆ ಹೋಗಿ.

2025ರ ಲೆಕ್ಕ ಪೂರ್ತಿಯಾಗಿ

2024ರ ದೊಂಗ್‌ಜಿ ಡಿಸೆಂಬರ್ 21, 2025ರದ್ದೂ ಡಿಸೆಂಬರ್ 21. ಬೀಜಿಂಗ್ ತಾರೀಖುಗಳಲ್ಲಿ ತಿಂಗಳ ಮೊದಲ ದಿನ, ಆ ತಿಂಗಳಲ್ಲಿ ಬೀಳುವ ಜೊಂಗ್‌ಚಿ ಹೀಗಿವೆ:

ಡಿಸೆಂಬರ್ 1 – ಡಿ. 21 ದೊಂಗ್‌ಜಿ – 11ನೇ ತಿಂಗಳು
ಡಿಸೆಂಬರ್ 31 – ಜ. 20 – 12
ಜನವರಿ 29 – ಫೆ. 18 – 1
ಫೆಬ್ರವರಿ 28 – ಮಾ. 20 – 2
ಮಾರ್ಚ್ 29 – ಏ. 20 – 3
ಏಪ್ರಿಲ್ 28 – ಮೇ 21 – 4
ಮೇ 27 – ಜೂ. 21 – 5
ಜೂನ್ 25 – ಜು. 22 – 6
ಜುಲೈ 25 – ಯಾವುದೂ ಇಲ್ಲ – ಅಧಿಕ 6
ಆಗಸ್ಟ್ 23 – ಆ. 23 – 7
ಸೆಪ್ಟೆಂಬರ್ 22 – ಸೆ. 23 – 8
ಅಕ್ಟೋಬರ್ 21 – ಅ. 23 – 9
ನವೆಂಬರ್ 20 – ನ. 22 – 10
ಡಿಸೆಂಬರ್ 20 – ಡಿ. 21 ದೊಂಗ್‌ಜಿ – ಮುಂದಿನ 11

ಕೊನೆಯ ಸಾಲು ಬಿಟ್ಟು ಎಣಿಸಿದರೆ 13. ಅವಸರದ ಪರೀಕ್ಷೆಯೂ ಒಪ್ಪುತ್ತದೆ: ಡಿಸೆಂಬರ್ 21ರಿಂದ 31ಕ್ಕೆ ಹತ್ತೇ ದಿನ.

ಈಗ ಆಗಸ್ಟ್ 23ರ ಸಾಲನ್ನು ಹತ್ತಿರದಿಂದ ನೋಡಿ. ಆ ದಿನ ಸೂರ್ಯ 150 ಡಿಗ್ರಿ ಮುಟ್ಟಿದ್ದು ಬೀಜಿಂಗ್ ಸಮಯ ಬೆಳಗಿನ ಜಾವ 4:34ರ ಹೊತ್ತಿಗೆ. ಅಮಾವಾಸ್ಯೆಯ ಯುತಿ ಆದದ್ದು ಮಧ್ಯಾಹ್ನ 2:07ರ ಹೊತ್ತಿಗೆ. ಕ್ಷಣದ ಲೆಕ್ಕದಲ್ಲಿ ಜೊಂಗ್‌ಚಿ ಬಂದದ್ದು ಹಳೆಯ ಚಂದ್ರನ ಅವಧಿಯಲ್ಲಿ, ಒಂಬತ್ತೂವರೆ ಗಂಟೆ ಮೊದಲೇ. ಆದರೆ ನಿಯಮ ನೋಡುವುದು ಕ್ಷಣವನ್ನಲ್ಲ, ತಾರೀಖನ್ನು. ಎರಡೂ ಆಗಸ್ಟ್ 23ಕ್ಕೇ ಬಿದ್ದವು, 23 ಹೊಸ ತಿಂಗಳ ಮೊದಲ ದಿನ, ಆದ್ದರಿಂದ ಜೊಂಗ್‌ಚಿ ಹೊಸ ತಿಂಗಳಿಗೇ ಸೇರಿತು. ಜುಲೈ 25ರ ತಿಂಗಳು ಖಾಲಿ ಉಳಿಯಿತು.

ಕ್ಷಣಗಳನ್ನೇ ಹೋಲಿಸುವ ಪ್ರೋಗ್ರಾಂ ಬರೆದರೆ ಏನಾಗುತ್ತದೆ? ಜುಲೈ 25ರ ತಿಂಗಳಿಗೆ ಜೊಂಗ್‌ಚಿ ಸಿಕ್ಕಿಬಿಡುತ್ತದೆ. ಆಗಸ್ಟ್ 23ರ ತಿಂಗಳು ಖಾಲಿಯಾಗುತ್ತದೆ, ಏಕೆಂದರೆ ಮುಂದಿನ ಜೊಂಗ್‌ಚಿ ಸೆಪ್ಟೆಂಬರ್ 23ಕ್ಕೆ. ಉತ್ತರ ಅಧಿಕ 7 ಎಂದು ಬರುತ್ತದೆ, ತಪ್ಪು. ತಾರೀಖುಗಳನ್ನೇ ಹೋಲಿಸಿದರೂ ಗ್ರೀನಿಚ್ ಸಮಯದಲ್ಲೇ ಬಿಟ್ಟರೆ ಇದೇ ಗತಿ: ಅಲ್ಲಿ ಜೊಂಗ್‌ಚಿ ಆಗಸ್ಟ್ 22ರ ರಾತ್ರಿ 8:34ಕ್ಕೆ, ಯುತಿ 23ಕ್ಕೆ. ಪ್ರೋಗ್ರಾಂ ಬರೆಯುವವರು ಪರೀಕ್ಷೆಗೆ 2025ನ್ನು ಕಡ್ಡಾಯವಾಗಿ ಇಟ್ಟುಕೊಳ್ಳಿ. ಈ ಎರಡು ತಪ್ಪನ್ನೂ ಒಂದೇ ಏಟಿಗೆ ಹಿಡಿದುಕೊಡುತ್ತದೆ.

ಬೇಸಿಗೆಯ ಆಸುಪಾಸಿನಲ್ಲೇ ಏಕೆ ಹೆಚ್ಚು?

ಭೂಮಿ ಜುಲೈ ಮೊದಲ ವಾರದಲ್ಲಿ ಸೂರ್ಯನಿಂದ ಅತಿ ದೂರ ಇರುತ್ತದೆ, ಆಗ ನಿಧಾನ. ಜನವರಿ ಮೊದಲ ವಾರ ಅತಿ ಹತ್ತಿರ, ಆಗ ವೇಗ. ಹೀಗಾಗಿ ಒಂದು ಜೊಂಗ್‌ಚಿಯಿಂದ ಇನ್ನೊಂದಕ್ಕೆ ಚೀನಾದ ಬೇಸಿಗೆಯಲ್ಲಿ, ಅಂದರೆ ಜುಲೈ ಸುಮಾರಿಗೆ, ಸುಮಾರು 31.4 ದಿನ, ಚಳಿಗಾಲದಲ್ಲಿ ಸುಮಾರು 29.4 ದಿನ. ಚಂದ್ರನ ತಿಂಗಳು ಸರಾಸರಿ 29.53 ದಿನ. 31.4 ದಿನದ ಅಂತರದೊಳಗೆ ಒಂದು ತಿಂಗಳು ಸಲೀಸಾಗಿ ಕೂರುತ್ತದೆ, 29.4ರಲ್ಲಿ ಕೂರುವುದು ಬಲು ಅಪರೂಪ. 2001ರಿಂದ 2025ರವರೆಗೆ ಬಂದ ಹತ್ತು ಅಧಿಕ ಮಾಸಗಳು 4, 2, 7, 5, 4, 9, 6, 4, 2, 6. ಅಧಿಕ 1 ನೋಡಬೇಕೆಂದರೆ 2262ರವರೆಗೆ ಕಾಯಬೇಕು.

ಮೊದಲು ಹೀಗಿರಲಿಲ್ಲ. ಚೀನಾದ ಪ್ರಾಚೀನ ಶಾಂಗ್ ರಾಜವಂಶದ ಕಾಲದ ಮೂಳೆ ಬರಹಗಳಲ್ಲಿ ವರ್ಷದ ಕೊನೆಗೆ ಸೇರಿಸಿದ 13ನೇ ತಿಂಗಳು ಕಾಣುತ್ತದೆ. ಜೊಂಗ್‌ಚಿ ಇಲ್ಲದ ತಿಂಗಳೇ ಅಧಿಕ ಎಂಬ ನಿಯಮ ಬಂದದ್ದು ಕ್ರಿ.ಪೂ. 104ರ ತಾಯ್‌ಚು ಪಂಚಾಂಗದಿಂದ. ಆಗ ವರ್ಷವನ್ನು 12 ಸಮ ಭಾಗ ಮಾಡುತ್ತಿದ್ದರು, ಪ್ರತಿ ಭಾಗ 30.44 ದಿನ. 30 ದಿನದ ತಿಂಗಳೊಳಗೆ ಎರಡು ಜೊಂಗ್‌ಚಿ ಬರುವ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಖಾಲಿ ತಿಂಗಳೆಲ್ಲ ಅಧಿಕವೇ. 1645ರಲ್ಲಿ ಚಿಂಗ್ ದೊರೆಗಳು ಜೆಸ್ವಿಟ್ ಪಾದ್ರಿ ಆಡಮ್ ಶಾಲ್ ಸಿದ್ಧಪಡಿಸಿದ ಪಂಚಾಂಗವನ್ನು ಜಾರಿಗೆ ತಂದರು. ಸೂರ್ಯನ ಸರಾಸರಿ ಗತಿಯ ಬದಲು ನಿಜಗತಿ ಬಂತು. ಗಣಿತ ನಿಖರವಾಯಿತು, ನಿಯಮ ಜಟಿಲವಾಯಿತು. ಅಂದಿನಿಂದ ಚಳಿಗಾಲದ ಒಂದೇ ತಿಂಗಳಲ್ಲಿ ಎರಡು ಜೊಂಗ್‌ಚಿ ನುಸುಳಬಹುದು, ಹಾಗಾದಾಗ ಹತ್ತಿರದ ಯಾವುದೋ ತಿಂಗಳು ಖಾಲಿ ಬೀಳುತ್ತದೆ, ಆದರೆ ಅದು ಅಧಿಕವೇ ಆಗಬೇಕಿಲ್ಲ. ಇಂಥ ಹುಸಿ ಅಧಿಕಗಳನ್ನು ಸೋಸುವುದೇ ಮೂರನೇ ಹೆಜ್ಜೆಯ ಎಣಿಕೆಯ ಕೆಲಸ.

2033: ಎಣಿಸದಿದ್ದರೆ ಸಿಕ್ಕಿಬೀಳುವ ವರ್ಷ

2033ರ ಆಗಸ್ಟ್ 25ರಿಂದ ಸೆಪ್ಟೆಂಬರ್ 22ರವರೆಗಿನ ತಿಂಗಳಲ್ಲಿ ಜೊಂಗ್‌ಚಿ ಇಲ್ಲ. ಒಂದು ಆಗಸ್ಟ್ 23ಕ್ಕೇ ಆಗಿಹೋಗಿರುತ್ತದೆ, ಮುಂದಿನದು ಸೆಪ್ಟೆಂಬರ್ 23ಕ್ಕೆ. 7ರ ನಂತರ ಖಾಲಿ ತಿಂಗಳು, ಹಾಗಾದರೆ ಅಧಿಕ 7 ಎಂದು 1990ರ ದಶಕದ ಆರಂಭದವರೆಗೂ ಮುದ್ರಿತ ಪಂಚಾಂಗ ಪಟ್ಟಿಗಳು ಹೇಳುತ್ತಿದ್ದವು.

ಎಣಿಸಿ ನೋಡಿ. 2032ರ ದೊಂಗ್‌ಜಿ ಡಿಸೆಂಬರ್ 21, ಅದಿರುವ ತಿಂಗಳು ಡಿಸೆಂಬರ್ 3ಕ್ಕೆ ಶುರು. ಮುಂದಿನ ತಿಂಗಳು 2033ರ ಜನವರಿ 1ಕ್ಕೆ, ಅಂದರೆ ಹನ್ನೊಂದು ದಿನಕ್ಕೆ, ಸರಿಯಾಗಿ ಗಡಿಯ ಮೇಲೆ. 2033ರ ದೊಂಗ್‌ಜಿಯೂ ಡಿಸೆಂಬರ್ 21, ರಾತ್ರಿ 9:45ರ ಸುಮಾರಿಗೆ. ಅಮಾವಾಸ್ಯೆಯ ಯುತಿ ಐದು ಗಂಟೆ ತಡವಾಗಿ, 22ರ ಬೆಳಗಿನ ಜಾವ. ದೊಂಗ್‌ಜಿ ನವೆಂಬರ್ 22ಕ್ಕೆ ಶುರುವಾದ ತಿಂಗಳ ಕೊನೆಯ ದಿನಕ್ಕೆ ಬೀಳುತ್ತದೆ, ಆದ್ದರಿಂದ ಅದೇ 11ನೇ ತಿಂಗಳು. 2032ರ ಡಿಸೆಂಬರ್ 3ರಿಂದ 2033ರ ನವೆಂಬರ್ 21ರವರೆಗೆ ಹನ್ನೆರಡೇ ತಿಂಗಳು. ಆ ಸ್ವೇಯಲ್ಲಿ ಅಧಿಕಕ್ಕೆ ಜಾಗವೇ ಇಲ್ಲ. ಆಗಸ್ಟ್ 25ರದ್ದು ಬರೀ 8ನೇ ತಿಂಗಳು.

ಮುಂದಿನ ಸ್ವೇಯಲ್ಲಿ 13 ತಿಂಗಳಿವೆ. ನವೆಂಬರ್ 22ರ ತಿಂಗಳಲ್ಲಿ ಎರಡು ಜೊಂಗ್‌ಚಿ, ನವೆಂಬರ್ 22 ಮತ್ತು ಡಿಸೆಂಬರ್ 21. ಡಿಸೆಂಬರ್ 22ರಿಂದ 2034ರ ಜನವರಿ 19ರವರೆಗಿನ ತಿಂಗಳು ಖಾಲಿ, ಇದೇ ಅಧಿಕ 11. ಜನವರಿ 20ರ ತಿಂಗಳಲ್ಲಿ ಮತ್ತೆ ಎರಡು. ಫೆಬ್ರವರಿ 19ರ ತಿಂಗಳು ಮತ್ತೆ ಖಾಲಿ, ಆದರೆ ಎರಡನೆಯದಾದ್ದರಿಂದ ಅದು ಸಾಮಾನ್ಯ 1ನೇ ತಿಂಗಳು. ಹೊಸ ವರ್ಷ 2034ರ ಫೆಬ್ರವರಿ 19ಕ್ಕೆ.

ಒಂದು ಗಂಟೆಯಿಂದ ಒಂದು ತಿಂಗಳ ವ್ಯತ್ಯಾಸ

ವಿಯೆಟ್ನಾಂ ಇದೇ ನಿಯಮಗಳನ್ನು ಹನೋಯ್ ಸಮಯಕ್ಕೆ, ಅಂದರೆ ಬೀಜಿಂಗ್‌ಗಿಂತ ಒಂದು ಗಂಟೆ ಹಿಂದಿನ ಗಡಿಯಾರಕ್ಕೆ ಅನ್ವಯಿಸುತ್ತದೆ. 1984ರ ದೊಂಗ್‌ಜಿ ಬೀಜಿಂಗ್‌ನಲ್ಲಿ ಡಿಸೆಂಬರ್ 22ರ 00:23ಕ್ಕೆ, ಹನೋಯ್‌ನಲ್ಲಿ 21ರ ರಾತ್ರಿ 11:23ಕ್ಕೆ. ಹೊಸ ತಿಂಗಳು ಎರಡೂ ಕಡೆ ಡಿಸೆಂಬರ್ 22ಕ್ಕೇ ಶುರು. ಚೀನಾದಲ್ಲಿ ದೊಂಗ್‌ಜಿ ಹೊಸ ತಿಂಗಳಿಗೆ ಬಂತು, ನವೆಂಬರ್ 23ರ ತಿಂಗಳು ಅಧಿಕ 10 ಆಯಿತು. ವಿಯೆಟ್ನಾಂನಲ್ಲಿ ಅದು ಹಳೆಯ ತಿಂಗಳಲ್ಲೇ ಉಳಿಯಿತು, ನವೆಂಬರ್ 23ರ ತಿಂಗಳೇ 11ನೆಯದಾಯಿತು. ಅಲ್ಲಿನ ತೆತ್ ಹಬ್ಬ 1985ರ ಜನವರಿ 21ಕ್ಕೆ, ಚೀನೀ ಹೊಸ ವರ್ಷ ಫೆಬ್ರವರಿ 20ಕ್ಕೆ. ಹಾಗಾಗಿ ಚೀನೀ ತಾರೀಖಿನ ಕೋಷ್ಟಕವನ್ನು ವಿಯೆಟ್ನಾಂಗೆ ಹಾಗೇ ಬಳಸಬೇಡಿ. 1929ಕ್ಕಿಂತ ಹಿಂದಿನ ಚೀನೀ ತಾರೀಖು ಬೇಕಿದ್ದರೂ ಎಚ್ಚರ: ಆಗ 120 ಡಿಗ್ರಿ ರೇಖಾಂಶದ ಸಮಯ ಇರಲಿಲ್ಲ, ಬೀಜಿಂಗ್ ಊರಿನದೇ ಸ್ಥಳೀಯ ಸಮಯ, ಸುಮಾರು 14 ನಿಮಿಷ ಹಿಂದೆ. ಈಗಿನ ನಿಯಮಗಳು ಚೀನಾದ 2017ರ ರಾಷ್ಟ್ರೀಯ ಮಾನಕದಲ್ಲಿ ದಾಖಲಾಗಿವೆ.

ನಮ್ಮ ಅಧಿಕ ಮಾಸ ಬಲ್ಲವರು ಎಡವುವ ಜಾಗಗಳು

ಸಂಕ್ರಮಣವಿಲ್ಲದ ಚಾಂದ್ರಮಾಸ ಅಧಿಕ ಎಂಬ ತತ್ವ ಎರಡೂ ಕಡೆ ಒಂದೇ. ಕರ್ನಾಟಕದಲ್ಲಿ ರೂಢಿಯಲ್ಲಿರುವ, ಅಮಾವಾಸ್ಯೆಗೆ ತಿಂಗಳು ಮುಗಿಯುವ ಅಮಾಂತ ಪದ್ಧತಿಯವರಿಗೆ ತಿಂಗಳ ಗಡಿಯೂ ಪರಿಚಿತ. ಹಾಗೆಂದು ನಮ್ಮ ಅಧಿಕ ಮಾಸ ಬಂದ ವರ್ಷ ಅವರಿಗೂ ಬರಬೇಕಿಲ್ಲ. ಅವರದು ಸಾಯನ, ನಮ್ಮದು ನಿರಯನ, ನಡುವೆ ಅಯನಾಂಶ ಎಂಬ 24 ಡಿಗ್ರಿಯಷ್ಟು ಅಂತರ. 2023ರಲ್ಲಿ ನಮಗೆ ಜುಲೈ 18ರಿಂದ ಅಧಿಕ ಶ್ರಾವಣ, ಅವರಿಗೆ ಮಾರ್ಚ್ 22ರಿಂದಲೇ ಅಧಿಕ 2. ಆ ಮಾರ್ಚ್ 22 ನಮ್ಮ ಯುಗಾದಿ. ಅಮಾವಾಸ್ಯೆ ಹಿಂದಿನ ರಾತ್ರಿ 10:53ಕ್ಕೆ ಮುಗಿದಾಗ ಬೀಜಿಂಗ್‌ನಲ್ಲಿ 1:23 ಆಗಿತ್ತು, ಅದಕ್ಕೇ ಈ ಸಲ ಅವರ ಮೊದಲ ದಿನ ನಮ್ಮ ಅಮಾವಾಸ್ಯೆಗೆ ಬೀಳದೆ ಪಾಡ್ಯಕ್ಕೆ ಬಿತ್ತು. 2025ರಲ್ಲಿ ಅವರಿಗೆ ಅಧಿಕ, ನಮಗಿಲ್ಲ. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ, ಅವರಿಗಿಲ್ಲ.

ನಮ್ಮಲ್ಲಿ ಅಧಿಕ ಮೊದಲು, ನಿಜ ಆಮೇಲೆ. ಅಲ್ಲಿ ನಿಜ ಮೊದಲು. ನಮ್ಮಲ್ಲಿ ಒಂದೇ ತಿಂಗಳಲ್ಲಿ ಎರಡು ಸಂಕ್ರಮಣ ಬಂದರೆ ಒಂದು ಕ್ಷಯ ಮಾಸ. ಅಲ್ಲಿ ಯಾವ ಸಂಖ್ಯೆಯನ್ನೂ ಬಿಡುವುದಿಲ್ಲ.

ಹಬ್ಬ, ಹುಟ್ಟುಹಬ್ಬ, ಮದುವೆ

ಹಬ್ಬಗಳೆಲ್ಲ ನಿಜ ತಿಂಗಳಲ್ಲೇ, ಅಧಿಕದಲ್ಲಿ ಮತ್ತೊಮ್ಮೆ ಮಾಡುವುದಿಲ್ಲ. ಅಧಿಕದ ನಂತರ ಬರುವ ಹಬ್ಬಗಳು ಮುಂದಕ್ಕೆ ಸರಿಯುತ್ತವೆ: 8ನೇ ತಿಂಗಳ 15ರ ಶರದ್ ಹುಣ್ಣಿಮೆ ಹಬ್ಬ 2025ರಲ್ಲಿ ಅಕ್ಟೋಬರ್ 6ರವರೆಗೆ ಹೋಯಿತು. ಹಿರಿಯರ ಸಮಾಧಿ ಗುಡಿಸುವ ಚಿಂಗ್‌ಮಿಂಗ್ ಸೌರ ಘಟ್ಟವಾದ್ದರಿಂದ ಏಪ್ರಿಲ್ 4 ಅಥವಾ 5 ಬಿಟ್ಟು ಕದಲುವುದಿಲ್ಲ. ಅಧಿಕ ಮಾಸದಲ್ಲಿ ಹುಟ್ಟಿದವರು ಉಳಿದ ವರ್ಷಗಳಲ್ಲಿ ಅದೇ ಸಂಖ್ಯೆಯ ನಿಜ ತಿಂಗಳಲ್ಲಿ ಹುಟ್ಟುಹಬ್ಬ ಆಚರಿಸುತ್ತಾರೆ. ತಾರೀಖು ಬರೆದಿಡುವಾಗ 'ಅಧಿಕ' ಎಂಬ ಗುರುತನ್ನು ಬಿಡಬೇಡಿ. ಬಿಟ್ಟರೆ ಇಂಗ್ಲಿಷ್ ತಾರೀಖಿಗೆ ಮರಳಿಸುವಾಗ ಒಂದು ತಿಂಗಳೇ ತಪ್ಪುತ್ತದೆ. ತೈವಾನ್‌ನಲ್ಲಿ ಅಧಿಕ ಮಾಸ ಬಂದಾಗ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹಂದಿಕಾಲಿನ ನೂಡಲ್ಸ್ ಒಯ್ಯುವ ರೂಢಿ ಇದೆ.

ಅಧಿಕ ಮಾಸವಿರುವ ವರ್ಷಕ್ಕೆ 383ರಿಂದ 385 ದಿನ. 2025ರ ಜನವರಿ 29ರಿಂದ 2026ರ ಫೆಬ್ರವರಿ 16ರವರೆಗೆ 384 ದಿನ. ಇಷ್ಟು ಉದ್ದವಿರುವುದರಿಂದ ಫೆಬ್ರವರಿ 3–4ರ ಸುಮಾರಿಗೆ ಬರುವ ವಸಂತಾರಂಭದ ಘಟ್ಟ ಲೀಚುನ್ ಒಂದೇ ವರ್ಷದಲ್ಲಿ ಎರಡು ಸಲ ಬಂತು. ಮದುವೆಗೆ ಇದು ಶುಭ ಎನ್ನುತ್ತಾರೆ. ಹಿಂದಿನ ವರ್ಷ 2024ರ ಫೆಬ್ರವರಿ 10ಕ್ಕೆ ಶುರುವಾಗಿ 2025ರ ಜನವರಿ 28ಕ್ಕೆ ಮುಗಿದದ್ದರಿಂದ ಅದಕ್ಕೆ ಲೀಚುನ್ ದಕ್ಕಲೇ ಇಲ್ಲ. ಅಂಥದ್ದನ್ನು ವಿಧವೆಯ ವರ್ಷ ಎಂದು ಕರೆದು ಮದುವೆ ಮುಂದೂಡುವವರು ಇದ್ದಾರೆ. ಖಗೋಳದ ಲೆಕ್ಕಕ್ಕೂ ಈ ನಂಬಿಕೆಗೂ ಸಂಬಂಧವಿಲ್ಲ.

ಕೈ ಪಳಗಿಸಿಕೊಳ್ಳಲು 2028 ತೆಗೆದುಕೊಳ್ಳಿ. 2027ರ ದೊಂಗ್‌ಜಿ ಡಿಸೆಂಬರ್ 22, ಮುಂದಿನ ತಿಂಗಳು ಡಿಸೆಂಬರ್ 28ಕ್ಕೇ ಶುರು. ನಿಮ್ಮ ಪಟ್ಟಿಯಲ್ಲಿ ಜೂನ್ 23ರಿಂದ ಜುಲೈ 21ರವರೆಗಿನ ತಿಂಗಳು ಖಾಲಿ ಬಂದು ಅಧಿಕ 5 ಎಂದಾದರೆ ಲೆಕ್ಕ ಸರಿ. ಜುಲೈ 22ರ ಸಾಲಿನಲ್ಲಿ ಯುತಿ ಬೆಳಿಗ್ಗೆ 11ಕ್ಕೂ ಜೊಂಗ್‌ಚಿ ಮಧ್ಯಾಹ್ನ 3ಕ್ಕೂ ಹತ್ತಿರ ಬೀಳುತ್ತವೆ, ಅಲ್ಲಿ ಹೊತ್ತು ಬದಲಿಸುವಾಗ ಕೈ ತಪ್ಪದಂತೆ ನೋಡಿಕೊಳ್ಳಿ.